ಎರಡು ಹನಿ ತಾನೇ

ನಮ್ಮದು ತೀರ್ಥಹಳ್ಳಿ ಕಡೆಯ ಹಳೇ ಮನೆ. ಕೋಣೆಗಳ ಮಧ್ಯೆ ಇರುವುದು ಬರೀ ಹಲಗೆ. ಒಬ್ಬರು ಮಗ್ಗುಲು ಬದಲಿಸಿದರೂ ಮನೆಗೆಲ್ಲ ಗೊತ್ತಾಗುತ್ತದೆ. ಅಂಥ ಮನೆಯಲ್ಲಿ ನಾನು, ಐದು ತಿಂಗಳ ಬಸುರಿ, ಮೂಗು ಕಟ್ಟಿ ರಾತ್ರಿಯಿಡೀ ಗೊರಕೆ ಹೊಡೆಯುತ್ತಿದ್ದೆ. "ಅತ್ತಿಗೆ, ನಿನ್ನೆ ಅಕ್ಕಿ ಮಿಲ್ಲು ಚೆನ್ನಾಗಿ ಓಡ್ತು" ಅಂತ ಬೆಳಗ್ಗೆ ಮೈದುನನ ತಮಾಷೆ.

ಪುನರ್ವಸು ಮಳೆ ಹಿಡಿದಿತ್ತು. ಬಿಸಿಲು ಕಂಡು ಎರಡು ವಾರ. ಚಪ್ಪಲಿ, ಬೆಲ್ಟು, ಬೀರುವಿನ ಸೀರೆ, ಎಲ್ಲಕ್ಕೂ ಬೂಷ್ಟು. ಬಟ್ಟೆ ಒಣಗಬೇಕಾದರೆ ಬಚ್ಚಲ ಒಲೆಯ ಮೇಲಿನ ಹಗ್ಗವೇ ಗತಿ. ನನಗೋ ಬೂಷ್ಟು, ಧೂಳು, ಹೊಗೆ ಮೂರೂ ಆಗಿಬರುವುದಿಲ್ಲ. ಮದುವೆಗೆ ಮೊದಲಿನಿಂದಲೂ ಮಳೆಗಾಲದಲ್ಲಿ ಬುಡೆಸೊನೈಡ್ ಅನ್ನುವ ಮೂಗಿನ ಸ್ಪ್ರೇ ಹಾಕಿಕೊಳ್ಳುತ್ತಿದ್ದೆ. ಈ ಸಲ ಬಸುರಿ ಅಂತ ಗೊತ್ತಾದ ದಿನವೇ ಅದನ್ನು ಎತ್ತಿಟ್ಟುಬಿಟ್ಟೆ. ಸ್ಟೀರಾಯ್ಡ್ ಅಲ್ವಾ, ಮಗುವಿಗೆ ಏನಾದರೂ ಆದರೆ? ಡಾಕ್ಟರನ್ನು ಕೇಳಲಿಲ್ಲ. ಸ್ಕ್ಯಾನಿಂಗ್, ಬಿಪಿ, ಕಬ್ಬಿಣದ ಮಾತ್ರೆ ಇವುಗಳ ಮಧ್ಯೆ ನನ್ನ ಮೂಗಿನ ಪುರಾಣ ಯಾರಿಗೆ ಬೇಕು ಅನ್ನಿಸಿತ್ತು.

ಅತ್ತೆ ಕಾಳುಮೆಣಸಿನ ಸಾರು ಮಾಡಿಕೊಟ್ಟರು. ಅದನ್ನು ಕುಡಿದ ಅರ್ಧ ಗಂಟೆ ಹಾಯೆನಿಸುತ್ತಿತ್ತು. ಸಂಜೆ ಸಾಂಬ್ರಾಣಿ ಹೊಗೆ ಹಾಕಿದ ದಿನ ಮಾತ್ರ ಇನ್ನೂ ಕೆಟ್ಟಿತು. ಕೊನೆಗೆ ಇವರು ಪೇಟೆಯ ಮೆಡಿಕಲ್ಲಿನಿಂದ ಮೂಗಿನ ಡ್ರಾಪ್ಸ್ ತಂದರು. ಯಾರಿಗೆ ಅಂತ ಅಂಗಡಿಯವನು ಕೇಳಲಿಲ್ಲ, ಇವರೂ ಹೇಳಲಿಲ್ಲ. ಹಾಕಿ ಐದು ನಿಮಿಷಕ್ಕೆ ಮೂಗು ಬಾಗಿಲು ತೆಗೆದ ಹಾಗೆ ಬಿಟ್ಟುಕೊಂಡಿತು! ಹೊಟ್ಟೆಗೆ ನುಂಗುವ ಮಾತ್ರೆಯೇನೂ ಅಲ್ಲವಲ್ಲ, ಎರಡು ಹನಿ ತಾನೇ. ಮೊದಲು ದಿನಕ್ಕೆ ಎರಡು ಸಲ ಹಾಕುತ್ತಿದ್ದೆ. ಎರಡು ವಾರ ಕಳೆಯುವಷ್ಟರಲ್ಲಿ ಮೂರು ಗಂಟೆಗೊಮ್ಮೆ ಬೇಕಾಗುತ್ತಿತ್ತು. ಸೀಸೆಯನ್ನು ಸೆರಗಿಗೆ ಕಟ್ಟಿಕೊಂಡು ಓಡಾಡುವುದೊಂದು ಬಾಕಿ.

ಒಂದು ರಾತ್ರಿ ಎರಡು ಗಂಟೆಗೆ ಸೀಸೆ ಖಾಲಿಯಾಯಿತು. ಕರೆಂಟೂ ಇರಲಿಲ್ಲ. ಮಲಗಿದರೆ ಉಸಿರು ಕಟ್ಟುತ್ತದೆ, ಎದ್ದು ಕೂತರೆ ಹಣೆ ಸಿಡಿಯುತ್ತದೆ. ಮೊಬೈಲ್ ಬೆಳಕಿನಲ್ಲಿ ಇವರ ಡ್ರಾಯರ್ ತಡಕಿದೆ. ಶೀತದ ಮಾತ್ರೆಯ ಪಟ್ಟಿ ಸಿಕ್ಕಿತು. ಒಂದನ್ನು ಒತ್ತಿ ಅಂಗೈಗೆ ಹಾಕಿಕೊಳ್ಳುವಾಗ ಅತ್ತೆ ಬಾಗಿಲಲ್ಲಿ ನಿಂತಿದ್ದರು.

"ಎಂಥ ಮಾತ್ರೆ ಅದು?"

"ಶೀತದ್ದು ಅತ್ತೆ."

"ಇಡು ಅಲ್ಲಿ. ಬೆಳಗಾಗ್ಲಿ ಮಾರಾಯ್ತಿ, ಡಾಕ್ಟರನ್ನ ಕೇಳಿ ತಗೊಂಡ್ರಾಯ್ತು."

ಬೆನ್ನಿಗೆ ಮೂರು ದಿಂಬು ಒತ್ತಿ ಕೂರಿಸಿದರು. ಹಾಗೇ ಒರಗಿಕೊಂಡು ಬೆಳಗು ಮಾಡಿದೆ. ಆ ಪಟ್ಟಿಯಲ್ಲಿದ್ದದ್ದು ಫಿನೈಲೆಫ್ರಿನ್ ಬೆರೆತ ಮಾತ್ರೆ. ಅದು ರಕ್ತನಾಳಗಳನ್ನು ಬಿಗಿಮಾಡುತ್ತದೆ, ಬಿಪಿ ಏರಿಸಬಹುದು, ಬಸುರಿಯರು ತಾವಾಗಿ ನುಂಗಬಾರದು ಅಂತ ಮರುದಿನ ಗೊತ್ತಾಯಿತು.

ಬೆಳಗ್ಗೆ ಶಿವಮೊಗ್ಗಕ್ಕೆ ಹೊರಟೆವು. ತುಂಗೆ ಕೆಂಪಾಗಿ ಮೇಲೆ ಬಂದಿದ್ದಳು. ಮಂಡಗದ್ದೆಯಲ್ಲಿ ನದಿಯ ನಡುವಿನ ಮರಗಳ ಮೇಲೆ ಬೆಳ್ಳಕ್ಕಿಗಳು ಕೂತಿದ್ದವು. ನೋಡುವ ಸ್ಥಿತಿಯಲ್ಲಿ ನಾನಿರಲಿಲ್ಲ, ಕಿಟಕಿ ಗಾಜಿಗೆ ತಲೆ ಕೊಟ್ಟಿದ್ದೆ.

ಹೆರಿಗೆ ಡಾಕ್ಟರು ಬಿಪಿ ನೋಡಿ, ಮಗುವಿನ ಎದೆಬಡಿತ ಕೇಳಿಸಿ, ಕಿವಿ-ಮೂಗು-ಗಂಟಲಿನ ಡಾಕ್ಟರ ಹತ್ತಿರ ಕಳಿಸಿದರು. ಅವರಿಗೆ ಖಾಲಿ ಸೀಸೆ ತೋರಿಸಿದೆ.

"ಎಷ್ಟು ದಿನದಿಂದ ಹಾಕ್ತಿದೀರಿ?"

"ಹತ್ತೊಂಬತ್ತು."

"ಇದನ್ನ ಯಾರೇ ಆಗಲಿ ಮೂರು ದಿನ, ತಪ್ಪಿದ್ರೆ ಐದು ದಿನ ಹಾಕಬಹುದು. ಆಮೇಲೆ ಇದೇ ಮೂಗು ಕಟ್ಟಿಸುತ್ತೆ. ಔಷಧದ ಪ್ರಭಾವ ಇಳಿದಾಗೆಲ್ಲ ಒಳಗಿನ ಪೊರೆ ಮೊದಲಿಗಿಂತ ಜಾಸ್ತಿ ಊದಿಕೊಳ್ಳುತ್ತೆ, ನೀವು ಮತ್ತೆ ಹಾಕ್ತೀರಿ."

ಬಸಿರಲ್ಲಿ ಹಾರ್ಮೋನಿನಿಂದ, ಮೈಯಲ್ಲಿ ರಕ್ತ ಹೆಚ್ಚುವುದರಿಂದ ಮೂಗಿನ ಒಳಗು ಊದಿಕೊಳ್ಳುವುದು ಇದ್ದದ್ದೇ ಅಂತೆ. ಅಲರ್ಜಿ ಇಲ್ಲದವರಿಗೂ ಆಗುತ್ತದೆ, ಹೆರಿಗೆಯಾಗಿ ಎರಡು ವಾರದೊಳಗೆ ಸಾಮಾನ್ಯವಾಗಿ ತಾನೇ ಹೋಗುತ್ತದೆ. ನನಗೆ ಅದರ ಜೊತೆ ಅಲರ್ಜಿ, ಅದರ ಮೇಲೆ ಡ್ರಾಪ್ಸ್.

ಸ್ಪ್ರೇ ಬಿಟ್ಟ ವಿಷಯ ಹೇಳಿದಾಗ ಅವರಿಗೆ ನಗು ಬಂತು. ಮೂಗಿನ ಸ್ಟೀರಾಯ್ಡ್ ಸ್ಪ್ರೇಗಳಲ್ಲಿ ಬಸುರಿಯರ ಮಟ್ಟಿಗೆ ಹೆಚ್ಚು ಅನುಭವ ಇರುವುದೇ ಬುಡೆಸೊನೈಡಿಗೆ, ರಕ್ತಕ್ಕೆ ಸೇರುವುದು ತೀರಾ ಕಮ್ಮಿ, ಮತ್ತೆ ಶುರುಮಾಡಿ ಅಂದರು. ತುಂಬಾ ಸೀನು ಬಂದರೆ ರಾತ್ರಿ ಒಂದು ಸೆಟಿರಿಜಿನ್ ಅನ್ನುವ ಅಲರ್ಜಿ ಮಾತ್ರೆ ಬರೆದರು. ನನಗೆ ನನ್ನ ಮೇಲೇ ಸಿಟ್ಟು ಬಂತು. ಡಾಕ್ಟರು ಕೊಟ್ಟಿದ್ದಕ್ಕೆ ಹೆದರಿ, ಅಂಗಡಿಯವನು ಏನೂ ಕೇಳದೆ ಕೊಟ್ಟಿದ್ದನ್ನು ಸುಮ್ನೆ ಹಾಕಿಕೊಂಡೆನಲ್ಲ! ತಲೆನೋವಿಗೆ ಪ್ಯಾರಾಸಿಟಮಾಲ್ ಸಾಕು, ಐಬುಪ್ರೊಫೇನ್ ಮುಟ್ಟಲೇಬೇಡಿ ಅಂತಲೂ ಹೇಳಿದರು. ಜ್ವರ ಬಂದರೆ, ಮುಖದ ಒಂದೇ ಕಡೆ ನೋವು ಹಿಡಿದರೆ, ಹತ್ತು ದಿನವಾದರೂ ಗಟ್ಟಿ ಸಿಂಬಳ ನಿಲ್ಲದಿದ್ದರೆ ತಿರುಗಿ ಬರಬೇಕು.

ಎಲ್ಲಕ್ಕಿಂತ ಕೆಲಸಕ್ಕೆ ಬಂದದ್ದು ಉಪ್ಪುನೀರು. ಕಾಲು ಲೀಟರ್ ನೀರಿಗೆ ಅರ್ಧ ಟೀ ಚಮಚ ಅಯೋಡಿನ್ ಇಲ್ಲದ ಉಪ್ಪು, ಚಿಟಿಕೆ ಅಡುಗೆ ಸೋಡಾ. ಬಗ್ಗಿ ನಿಂತು ಒಂದು ಹೊಳ್ಳೆಗೆ ಬಿಟ್ಟರೆ ಇನ್ನೊಂದರಿಂದ ಇಳಿಯುತ್ತದೆ. "ನೀರು ಚೆನ್ನಾಗಿ ಕುದಿಸಿ ಆರಿಸಿದ್ದೇ ಆಗಬೇಕು" ಅಂತ ಡಾಕ್ಟರು ಎರಡು ಸಲ ಹೇಳಿದ್ದರು. ನಮ್ಮ ಬಾವಿ ನೀರು ಅಮೃತದ ಹಾಗಿದೆ ಅಂತ ಅತ್ತೆ ಬೇಜಾರು ಮಾಡಿಕೊಂಡರು. ಕುಡಿಯೋಕೆ ಸರಿ ಅತ್ತೆ, ಹಸಿ ನೀರಲ್ಲಿ ಅಮೀಬಾ ಇದ್ದು ಮೂಗಿಗೆ ಏರಿದರೆ ಮಿದುಳಿಗೇ ಹೋಗಬಹುದಂತೆ, ಅಪರೂಪಕ್ಕಾದರೂ ಜೀವಕ್ಕೇ ಕಂಟಕ ಅಂದೆ. ಮರುದಿನದಿಂದ ಅವರೇ ಕುದಿಸಿ ಆರಿಸಿ ತಟ್ಟೆ ಮುಚ್ಚಿಡುತ್ತಿದ್ದರು.

ಹಳೇ ಕಂಬಳಿ, ಹತ್ತಿಯ ಹಾಸಿಗೆ ನನ್ನ ಕೋಣೆಯಿಂದ ಹೊರಬಿದ್ದವು. ಹೊದಿಕೆಗಳನ್ನು ವಾರಕ್ಕೊಮ್ಮೆ ಹಂಡೆಯ ಕುದಿನೀರಲ್ಲಿ ನೆನೆಸಿ ಒಗೆಯುವುದು ಇವರ ಪಾಲಿಗೆ ಬಂತು. ಸೊಳ್ಳೆ ಬತ್ತಿ ಹೋಗಿ ಪರದೆ ಬಂತು.

ಡ್ರಾಪ್ಸನ್ನು ಮೊದಲು ಒಂದು ಹೊಳ್ಳೆಗೆ ನಿಲ್ಲಿಸಿ, ಅದು ತೆರೆದ ಮೇಲೆ ಇನ್ನೊಂದಕ್ಕೆ ನಿಲ್ಲಿಸಬೇಕಿತ್ತು. ಮೊದಲ ನಾಲ್ಕು ರಾತ್ರಿ ನರಕ. ಆಮೇಲೆ ದಿನದಿನಕ್ಕೂ ಇಳಿಯುತ್ತ ಬಂತು.

ಒಂದು ಬೆಳಗಿನ ಜಾವ ಯಾರೋ ಭುಜ ಅಲ್ಲಾಡಿಸಿದರು. ಕಣ್ಣು ಬಿಟ್ಟರೆ ಮುಖಕ್ಕೆ ಟಾರ್ಚು, ಹಿಂದೆ ಅತ್ತೆ.

"ಎಂಥಾಯ್ತು ಅತ್ತೆ?"

"ಎಂಥ ಇಲ್ಲ, ಮಲಗು. ಗೊರಕೆ ಕೇಳ್ಲಿಲ್ಲ, ಹೆದರಿಕೆ ಆಯ್ತು."