ಕಬ್ಬಿನ ಸಾಲ, ಕಾರಿನ ಸಾಲ, ಖಾಲಿ ಸೀಟು

ನಾನು ಕೆಲಸ ಮಾಡುವ ಬ್ಯಾಂಕ್ ಶಾಖೆ ಅಫಜಲಪುರ ತಾಲ್ಲೂಕಿನಲ್ಲಿದೆ. ಮನೆ ಕಲಬುರಗಿಯಲ್ಲಿ. ನನ್ನ ಟೇಬಲ್ಲಿಗೆ ಬರುವ ಫೈಲುಗಳಲ್ಲಿ ಎರಡು ಥರದವು ಜಾಸ್ತಿ. ಒಂದು ಬೆಳೆ ಸಾಲ, ಅದರಲ್ಲೂ ಕಬ್ಬು. ಇನ್ನೊಂದು ಗಾಡಿ ಸಾಲ. ನಾನು ನೌಕರಿಗೆ ಸೇರಿದಾಗ ಇವೆರಡಕ್ಕೂ ಸಂಬಂಧವೇ ಇರಲಿಲ್ಲ. ಈಗ ಇದೆ. ಒಬ್ಬರ ಹೊಲದ ಕಬ್ಬು ಕಾರ್ಖಾನೆಗೆ ಹೋಗಿ, ಎಥನಾಲ್ ಆಗಿ, ಇನ್ನೊಬ್ಬರ ಕಾರಿನ ಟ್ಯಾಂಕಿಗೆ ಬೀಳುತ್ತಿದೆ. ನನ್ನ ಟ್ಯಾಂಕಿಗೂ.

ಗಾಡಿ ಸಾಲಕ್ಕೆ ಬಂದವರು ಅರ್ಜಿ ಜೊತೆಗೆ ಸಲಹೆಯನ್ನೂ ಕೇಳುತ್ತಾರೆ. "ಮೇಡಮ್, ಪೆಟ್ರೋಲ್ ಗಾಡಿ ತೊಗೊಳ್ಳೋದೋ, ಕರೆಂಟಿನದೋ? ಯಾವುದು ಛಲೋ ಹೇಳ್ರಿ." ನಾನು ಮೊದಲು ಕೇಳುವುದು, ಗಾಡಿಯಲ್ಲಿ ದಿನಾ ಎಷ್ಟು ಮಂದಿ ಕೂರುತ್ತೀರಿ ಅಂತ. ಅದಕ್ಕೆ ಅವರು ನನ್ನ ಮುಖ ನೋಡುತ್ತಾರೆ. ನಮ್ಮ ಅರ್ಜಿಯಲ್ಲಿ ಆದಾಯ, ಆಧಾರ್, ಜಾಮೀನುದಾರ, ಎಲ್ಲಕ್ಕೂ ಜಾಗ ಇದೆ. ಆ ಪ್ರಶ್ನೆಗೆ ಮಾತ್ರ ಇಲ್ಲ.

ನನ್ನ ಕಾರು ಹಳೆಯದು, ಸಣ್ಣ ಪೆಟ್ರೋಲ್ ಗಾಡಿ. 2013ರಲ್ಲಿ ತೆಗೆದುಕೊಂಡಿದ್ದು. ಹೈವೇಯಲ್ಲಿ ಲೀಟರ್‌ಗೆ 17 ಕಿಲೋಮೀಟರ್ ಕೊಡುತ್ತಿತ್ತು. ಈಗ 16ರ ಹತ್ತಿರ ಬಂದು ನಿಂತಿದೆ. ಗ್ಯಾರೇಜಿನ ಭಾಯ್ ಬಾನೆಟ್ ಎತ್ತಿ ನೋಡಿ, "ಇಂಜಿನ್ ತಪ್ಪಿಲ್ರಿ ಮೇಡಮ್. ಈಗಿನ ಪೆಟ್ರೋಲ್ ಪೆಟ್ರೋಲೇ ಅಲ್ಲ, ಕಬ್ಬಿನ ನೀರದ" ಅಂದರು. ಜೊತೆಗೆ ಟ್ಯಾಂಕಿಗೆ ಹಾಕಲು ಒಂದು ಸಣ್ಣ ಬಾಟಲಿ ಮಾರಲು ನೋಡಿದರು. ಬಾಟಲಿ ನಾನು ತೊಗೊಳ್ಳಲಿಲ್ಲ. ಆದರೆ ಅವರ ಮಾತಿನಲ್ಲಿ ಸತ್ಯ ಇದೆ.

ಬಂಕ್‌ನಲ್ಲಿ ಈಗ ಸಿಗುವುದು ಇ20. ನೂರರಲ್ಲಿ 20 ಪಾಲು ಎಥನಾಲ್. ಇದನ್ನು 2023ರ ಫೆಬ್ರವರಿಯಲ್ಲಿ ಬೆಂಗಳೂರಿನ ಇಂಧನ ಸಮಾವೇಶದಲ್ಲಿ ಪ್ರಧಾನಿ ಶುರು ಮಾಡಿದರು. ಮೊದಲು 2030ಕ್ಕೆ ಅಂತ ಇಟ್ಟುಕೊಂಡಿದ್ದ ಗುರಿ, 2025ರಲ್ಲೇ ಮುಟ್ಟಿಬಿಟ್ಟರು. ಒಂದು ಲೀಟರ್ ಎಥನಾಲ್‌ನಲ್ಲಿ ಒಂದು ಲೀಟರ್ ಪೆಟ್ರೋಲ್‌ಗಿಂತ ಮೂರನೇ ಒಂದು ಪಾಲು ಶಕ್ತಿ ಕಡಿಮೆ. ಮೈಲೇಜ್ ಇಳಿಯಲೇಬೇಕು. ನೀತಿ ಆಯೋಗದ 2021ರ ವರದಿಯಲ್ಲೇ ಬರೆದಿದ್ದಾರೆ, ಹಳೆಯ ಕಾರುಗಳಿಗೆ 6ರಿಂದ 7 ಪರ್ಸೆಂಟ್ ಹೊಡೆತ ಅಂತ. ನನ್ನ 17, 16 ಆಗಿದ್ದು ಆ ಲೆಕ್ಕಕ್ಕೆ ಸರಿಯಾಗಿ ಹೊಂದುತ್ತದೆ. ಎಥನಾಲ್ ನೀರನ್ನು ಬೇಗ ಹೀರಿಕೊಳ್ಳುತ್ತದೆ. ಹಳೆಯ ಗಾಡಿಯ ರಬ್ಬರ್ ಪೈಪು, ವಾಷರ್‌ಗಳಿಗೆ ಅದು ಒಗ್ಗುವುದಿಲ್ಲ. 2023ರ ಏಪ್ರಿಲ್ ನಂತರದ ಗಾಡಿಗಳಿಗೆ ಈ ಚಿಂತೆ ಕಮ್ಮಿ. ನನ್ನಂಥವರು ಪೈಪು ಬದಲಿಸಿಕೊಂಡು ಸುಮ್ಮನಿರಬೇಕು, ಅಷ್ಟೇ.

ಮೈಲೇಜ್ ಬಗ್ಗೆ ಎಲ್ಲರೂ ಕೂಗಾಡುತ್ತಾರೆ. ನನಗೆ ಕಾಡುವುದು ನೀರು.

ನಮ್ಮದು ತೊಗರಿ ನಾಡು. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್ ಕೂಡ ಸಿಕ್ಕಿದೆ. ಕರಿ ಮಣ್ಣು, ಮಳೆ ನೀರು, ಇಷ್ಟರಲ್ಲೇ ಬರುವ ಬೆಳೆ ಅದು. ಆದರೆ ಭೀಮಾ ದಂಡೆಯ ಊರುಗಳಿಗೆ ಹೋದರೆ ರಸ್ತೆಯ ಎರಡೂ ಕಡೆ ಕಬ್ಬು. ಯಾಕೆ ಅಂತ ಕೇಳಬೇಕಿಲ್ಲ, ಸಾಲದ ಫೈಲೇ ಹೇಳುತ್ತದೆ. ಸಾಲ ನವೀಕರಿಸಲು ಬಂದ ಒಬ್ಬ ಕಾಕಾ ನನಗೆ ಹೇಳಿದ್ದು ಹೀಗೆ: "ತೊಗರಿ ಮಳಿ ಹೆಚ್ಚಾದ್ರೂ ಹೋಗ್ತದ, ಕಮ್ಮಿ ಆದ್ರೂ ಹೋಗ್ತದ. ನೆಟೆ ರೋಗ ಬಂದ್ರ ಮುಗೀತು. ಕಬ್ಬು ಹಂಗಲ್ಲವ್ವ, ನಿಂತಿರ್ತದ." 2025-26ಕ್ಕೆ ಕೇಂದ್ರ ನಿಗದಿ ಮಾಡಿದ ಕಬ್ಬಿನ ದರ ಟನ್‌ಗೆ 3,550 ರೂಪಾಯಿ, ಸಕ್ಕರೆ ಇಳುವರಿ 10.25 ಪರ್ಸೆಂಟ್ ಇದ್ದರೆ. ತೊಗರಿಗೂ ಆ ವರ್ಷ ಕ್ವಿಂಟಲ್‌ಗೆ 8,000 ಬೆಂಬಲ ಬೆಲೆ ಇತ್ತು. ಆದರೆ ಬೆಂಬಲ ಬೆಲೆಗೆ ಮಾರುವುದು ಬೇರೆ, ಮಾರ್ಕೆಟ್‌ನಲ್ಲಿ ಸಿಕ್ಕಿದ್ದಕ್ಕೆ ಕೊಟ್ಟು ಬರುವುದು ಬೇರೆ. ಬ್ಯಾಂಕಿಗೂ ಕಬ್ಬೇ ಇಷ್ಟ, ಅದನ್ನೂ ಹೇಳಿಬಿಡುತ್ತೇನೆ. ಕಾರ್ಖಾನೆಯಿಂದ ಬರುವ ದುಡ್ಡು ನೇರ ಖಾತೆಗೆ ಬೀಳುತ್ತದೆ, ಸಾಲದ ಕಂತು ಕಟಾವಾಗುತ್ತದೆ.

ಹಾಗಾಗಿ ರೈತರನ್ನು ಬೈಯುವವರ ಜೊತೆ ನಾನಿಲ್ಲ. ಆದರೆ ನೀರಿನ ಲೆಕ್ಕ ಲೆಕ್ಕವೇ. ಅದೇ ನೀತಿ ಆಯೋಗದ ವರದಿ, ಕಬ್ಬಿನಿಂದ ಬರುವ ಒಂದು ಲೀಟರ್ ಎಥನಾಲ್‌ಗೆ ಸುಮಾರು 2,860 ಲೀಟರ್ ನೀರು ಬೇಕು ಅನ್ನುತ್ತದೆ. ನಾನು 30 ಲೀಟರ್ ಪೆಟ್ರೋಲ್ ಹಾಕಿಸಿದರೆ ಅದರಲ್ಲಿ 6 ಲೀಟರ್ ಎಥನಾಲ್. ಅಂದರೆ 17 ಸಾವಿರ ಲೀಟರ್‌ಗೂ ಹೆಚ್ಚು ನೀರು. ಬೇಸಿಗೆಯಲ್ಲಿ ನಮ್ಮ ಓಣಿಗೆ ಬರುವ ಟ್ಯಾಂಕರ್ 5,000 ಲೀಟರಿನದು ಅಂತ ಹಿಡಿದರೂ ಮೂರು ಟ್ಯಾಂಕರ್ ದಾಟುತ್ತದೆ. ಒಂದು ಸಲ ಟ್ಯಾಂಕ್ ತುಂಬಿಸಿದ್ದಕ್ಕೆ!

ಇಲ್ಲಿ ಒಂದು ಮಾತು ಸೇರಿಸಬೇಕು. ಎಲ್ಲ ಎಥನಾಲೂ ಕಬ್ಬಿನ ರಸದಿಂದ ಬರುವುದಿಲ್ಲ. ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯಿಂದ ಮಾಡಿದರೆ, ಆ ನೀರು ಹೇಗೂ ಸಕ್ಕರೆಗೆ ಖರ್ಚಾಗಿದ್ದೇ. ಅದನ್ನು ಪೂರ್ತಿ ಪೆಟ್ರೋಲ್ ತಲೆಗೆ ಕಟ್ಟುವುದು ನ್ಯಾಯ ಅಲ್ಲ. ಈಚೆಗೆ ಮೆಕ್ಕೆಜೋಳದ ಪಾಲು ಕಬ್ಬಿನದಕ್ಕಿಂತ ಹೆಚ್ಚಾಗಿದೆ. ಕಾರಣವೂ ನೀರೇ. 2023ರಲ್ಲಿ ಮಳೆ ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆ ಆಯಿತು. ಸಕ್ಕರೆ ಕಮ್ಮಿ ಬೀಳುತ್ತದೆ ಅನ್ನುವ ಭಯಕ್ಕೆ ಆ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಕಬ್ಬಿನ ರಸದಿಂದ ಎಥನಾಲ್ ಮಾಡುವುದಕ್ಕೆ ತಡೆ ಹಾಕಿತು, ಆಮೇಲೆ ಸಡಿಲಿಸಿತು. ಮಳೆ ನಂಬಿಕೊಂಡು ಕಾರು ಓಡಿಸುವ ಕಾಲ ಬಂತು ಅಂತ ನಮ್ಮ ಕ್ಯಾಷಿಯರ್ ನಕ್ಕಿದ್ದರು. ನನಗೆ ನಗು ಬರಲಿಲ್ಲ. ಇಲ್ಲಿ ಬೇಸಿಗೆ ಬಂದರೆ ಮಹಾರಾಷ್ಟ್ರದ ಉಜನಿ ಡ್ಯಾಮ್‌ನಿಂದ ಭೀಮಾ ನದಿಗೆ ನೀರು ಬಿಡಿಸಿ ಅನ್ನುವ ಕೂಗು ಏಳುತ್ತದೆ. ಸೊನ್ನ ಬ್ಯಾರೇಜ್‌ನಲ್ಲಿ ನೀರು ಎಷ್ಟಿದೆ ಅನ್ನುವುದು ಕೌಂಟರ್ ಮುಂದೆ ಕ್ಯೂ ನಿಂತವರ ಮಾತು.

ಡಿಸ್ಟಿಲರಿ ಹಿಂದಿನ ಕಥೆ ಇನ್ನೊಂದು. ಕಾಕಂಬಿಯಿಂದ ಒಂದು ಲೀಟರ್ ಎಥನಾಲ್ ತೆಗೆದರೆ ಹತ್ತು ಲೀಟರ್ ಆಸುಪಾಸು ಕಂದು ಬಣ್ಣದ ಕೊಳೆ ನೀರು ಉಳಿಯುತ್ತದೆ. ಸ್ಪೆಂಟ್ ವಾಷ್ ಅನ್ನುತ್ತಾರೆ. ಅದರ ಒಂದು ಹನಿಯೂ ಹೊರಗೆ ಬಿಡಬಾರದು ಅಂತ ನಿಯಮ. ನಿಯಮದಂತೆ ನಡೆಯುವ ಕಡೆ ಅದನ್ನು ಸುಟ್ಟು ಕರೆಂಟ್ ತೆಗೆಯುತ್ತಾರೆ, ಇಲ್ಲ ಗೊಬ್ಬರಕ್ಕೆ ಬೆರೆಸುತ್ತಾರೆ. ನಡೆಯದ ಕಡೆ ಏನಾಗುತ್ತದೆ ಅಂತ ಮೂಗಿಗೆ ಗೊತ್ತಾಗುತ್ತದೆ.

ಹಾಗಂತ ಎಥನಾಲ್ ಪೂರ್ತಿ ಮೋಸ ಅಂತ ನಾನು ಹೇಳಲ್ಲ. ನಮ್ಮ ದೇಶ ಕಚ್ಚಾ ತೈಲದಲ್ಲಿ 85 ಪರ್ಸೆಂಟ್‌ಗೂ ಹೆಚ್ಚು ಹೊರಗಿನಿಂದ ತರಿಸುತ್ತದೆ. ಆ ದುಡ್ಡಿನಲ್ಲಿ ಒಂದಿಷ್ಟು ನಮ್ಮ ರೈತರ ಖಾತೆಗೆ ಬಂದರೆ ಒಳ್ಳೆಯದೇ. ಬಂದದ್ದನ್ನು ನಾನೇ ಪಾಸ್‌ಬುಕ್ಕಿಗೆ ಪ್ರಿಂಟ್ ಹಾಕಿ ಕೊಟ್ಟಿದ್ದೇನೆ. ಆದರೆ ಬಂಕ್‌ನ ಬೋರ್ಡ್ ಮೇಲೆ ಹಸಿರು ಎಲೆ ಬರೆದಿರುತ್ತಾರಲ್ಲ, ಅದನ್ನು ನೋಡಿದರೆ ಮಾತ್ರ ಸಿಟ್ಟು ಬರುತ್ತದೆ.

ಇನ್ನು ಕರೆಂಟಿನ ಗಾಡಿ. ನಮ್ಮ ಶಾಖೆಯ ಕ್ಲರ್ಕ್ ಹುಡುಗ ಎಲೆಕ್ಟ್ರಿಕ್ ಸ್ಕೂಟರ್ ತೊಗೊಂಡಿದ್ದಾನೆ. ಸಿಟಿ ಒಳಗೆ ಓಡಾಡಲು ಅದು ಚೆನ್ನಾಗಿದೆ. ಸೂಪರ್ ಮಾರ್ಕೆಟ್ ಹತ್ತಿರದ ಹೊಗೆಯಲ್ಲಿ ಹತ್ತು ನಿಮಿಷ ನಿಂತವರಿಗೆ ಹೊಗೆ ಇಲ್ಲದ ಗಾಡಿಯ ಬೆಲೆ ಗೊತ್ತಿರುತ್ತದೆ. "ನಂದು ಝೀರೋ ಪೊಲ್ಯೂಷನ್ ಮೇಡಮ್" ಅನ್ನುತ್ತಾನೆ. ನಾನು ಅವನಿಗೆ ಶಕ್ತಿನಗರದ ಹೆಸರು ನೆನಪಿಸುತ್ತೇನೆ. ಅಲ್ಲಿರುವ ರಾಯಚೂರು ಶಾಖೋತ್ಪನ್ನ ಕೇಂದ್ರ 1,720 ಮೆಗಾವಾಟ್, ಪಕ್ಕದ ಯರಮರಸ್ 1,600. ಎರಡೂ ಕಲ್ಲಿದ್ದಲಿನವು. ಹೊಗೆ ನಮ್ಮ ಸಿಟಿ ಬಿಟ್ಟು ರಾಯಚೂರು ಜಿಲ್ಲೆಗೆ ಹೋಗಿದೆ.

ಆದರೂ ಲೆಕ್ಕ ಹಾಕಿದರೆ ಕರೆಂಟ್ ಗಾಡಿಯೇ ಗೆಲ್ಲುತ್ತದೆ. ಒಂದು ಲೀಟರ್ ಪೆಟ್ರೋಲ್ ಸುಟ್ಟರೆ 2.3 ಕೆಜಿ ಕಾರ್ಬನ್ ಡೈಆಕ್ಸೈಡ್. ನನ್ನ ಕಾರಿಗೆ ಅದು ಕಿಲೋಮೀಟರ್‌ಗೆ ಹೆಚ್ಚುಕಮ್ಮಿ 145 ಗ್ರಾಂ. ಎಥನಾಲ್ ಪಾಲನ್ನು ಸೊನ್ನೆ ಅಂತ ಹಿಡಿದರೆ 115. ಯೂರಿಯಾ, ಪಂಪ್‌ಸೆಟ್, ಎರಡೆರಡು ಟ್ರೇಲರ್ ಎಳೆಯುವ ಡೀಸೆಲ್ ಟ್ರ್ಯಾಕ್ಟರ್, ಇವೆಲ್ಲ ಕಣ್ಣಮುಂದೆ ಇರುವಾಗ ಸೊನ್ನೆ ಅಂತ ಹೇಗೆ ಹಿಡಿಯೋದು? ನಿಜ ಎರಡರ ನಡುವೆ ಎಲ್ಲೋ ಇದೆ. ಸಣ್ಣ ಎಲೆಕ್ಟ್ರಿಕ್ ಕಾರಿಗೆ ಕಿಲೋಮೀಟರ್‌ಗೆ 0.14 ಯೂನಿಟ್ ಬೇಕು ಅಂದುಕೊಳ್ಳಿ. ದೇಶದ ಸರಾಸರಿಯಲ್ಲಿ ಒಂದು ಯೂನಿಟ್ ಕರೆಂಟ್ ಹಿಂದೆ ಸುಮಾರು 0.7 ಕೆಜಿ ಇದೆ. ಅಲ್ಲಿಗೆ 100 ಗ್ರಾಂ. ಕರ್ನಾಟಕದಲ್ಲಿ ಪಾವಗಡದಂಥ ಸೋಲಾರ್ ಪಾರ್ಕ್‌ಗಳಿವೆ. ಹಾಗಾಗಿ ಮಧ್ಯಾಹ್ನ ಬಿಸಿಲಲ್ಲಿ ಚಾರ್ಜ್ ಮಾಡಿದರೆ ಇನ್ನೂ ಕಮ್ಮಿ. ರಾತ್ರಿ ಎಲ್ಲರೂ ಮನೆಗೆ ಬಂದು ಪ್ಲಗ್ ಚುಚ್ಚಿದರೆ ಮತ್ತೆ ಕಲ್ಲಿದ್ದಲೇ ಗತಿ. ಹುಡುಗ ಬ್ಯಾಂಕಿನಲ್ಲೇ ಮಧ್ಯಾಹ್ನ ಚಾರ್ಜ್ ಹಾಕಿಕೊಳ್ಳಲಾ ಅಂತ ಕೇಳಿದ. ಮ್ಯಾನೇಜರ್ ಸಾಹೇಬರು ಮೇಲಿನಿಂದ ಆರ್ಡರ್ ತಾ ಅಂದರು.

ಬ್ಯಾಟರಿ ಕಥೆಯೂ ದೂರದ್ದೇನಲ್ಲ. ಮಂಡ್ಯದ ಮರಳಗಾಲದಲ್ಲಿ 1,600 ಟನ್ ಲಿಥಿಯಂ ಅಂದಾಜಿದೆ, ಯಾದಗಿರಿ ಜಿಲ್ಲೆಯಲ್ಲೂ ಹುಡುಕಾಟ ನಡೆದಿದೆ ಅಂತ 2024ರಲ್ಲಿ ಸಂಸತ್ತಿಗೆ ಉತ್ತರ ಬಂತು. ನಮ್ಮ ಜೊತೆ ಬರುವ ಪಶು ಡಾಕ್ಟರ್ ಶಹಾಪುರ ಕಡೆಯವರು. "ಗೋಗಿಯೊಳಗ ಯುರೇನಿಯಂ ಅಂದ್ರು, ಈಗ ಲಿಥಿಯಂ ಅಂತಾರ. ನಮ್ಮೂರ ತಳಗ ಏನೇನದನೋ" ಅಂತ ಅವರ ಗೊಣಗಾಟ.

ಜೊತೆ ಬರುವವರು ಅಂದೆನಲ್ಲ, ವಿಷಯ ಅಲ್ಲೇ ಇದೆ. ನನ್ನ ಕಾರಿನಲ್ಲಿ ನಾಲ್ವರು ಹೋಗುತ್ತೇವೆ. ನಾನು, ಕ್ಯಾಷಿಯರ್, ಪಶು ಡಾಕ್ಟರ್, ಒಬ್ಬ ಹೈಸ್ಕೂಲ್ ಮೇಷ್ಟ್ರು. ಅತಿ ಕೆಟ್ಟ ಅಂಕಿಯನ್ನೇ ಹಿಡಿಯಿರಿ, 145 ಗ್ರಾಂ. ನಾಲ್ವರಿಗೆ ಹಂಚಿದರೆ ತಲೆಗೆ 36. ಹೊಸ ಎಲೆಕ್ಟ್ರಿಕ್ ಕಾರಿನಲ್ಲಿ ಒಬ್ಬರೇ ಎಸಿ ಹಾಕಿಕೊಂಡು ಹೋಗುವವರದು 100. ಅದಕ್ಕೇ ನಾನು ಇಂಧನ ಬಿಟ್ಟು ಸೀಟಿನ ಪ್ರಶ್ನೆ ಕೇಳೋದು. ನೀರಿಗೂ ಇದೇ ಲೆಕ್ಕ. ಮೂರು ಟ್ಯಾಂಕರ್ ನೀರನ್ನು ಒಬ್ಬರೇ ಸುಡುವುದು ಬೇರೆ, ನಾಲ್ವರು ಹಂಚಿಕೊಳ್ಳುವುದು ಬೇರೆ.

ಬಸ್ಸಿನ ಮುಂದೆ ನಮ್ಮ 36 ಕೂಡ ನಾಚಬೇಕು. ಲೀಟರ್ ಡೀಸೆಲ್‌ಗೆ 2.7 ಕೆಜಿ, ಬಸ್ಸಿಗೆ 5 ಕಿಲೋಮೀಟರ್ ಮೈಲೇಜ್, ಒಳಗೆ 50 ಜನ. ತಲೆಗೆ 11 ಗ್ರಾಂ ಬೀಳುತ್ತದೆ. ನಮ್ಮ ಕಡೆ ಬಸ್ಸಿನಲ್ಲಿ 50 ಅನ್ನುವುದು ಕಮ್ಮಿಯೇ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ, ನನಗೆ ಟಿಕೆಟ್ಟೂ ಇಲ್ಲ. ಹಾಗಾದರೆ ನೀವ್ಯಾಕೆ ಬಸ್ಸಿಗೆ ಹೋಗಲ್ಲ ಅಂತ ಕೇಳಬಹುದು. ಬೆಳಗ್ಗೆ ಹೋಗಬಹುದು. ಸಂಜೆ ಕ್ಯಾಷ್ ಟ್ಯಾಲಿ ಆಗಿ ಶಟರ್ ಎಳೆಯುವ ಹೊತ್ತಿಗೆ ನನಗೆ ಹೊಂದುವ ಬಸ್ ಹೋಗಿರುತ್ತದೆ, ಮುಂದಿನದರಲ್ಲಿ ಕಾಲಿಡಲು ಜಾಗ ಇರಲ್ಲ. ಮೇಷ್ಟ್ರು ಮತ್ತು ನಾನು ಸೇರಿ ಸಂಜೆ ಇನ್ನೊಂದು ಬಸ್ ಬಿಡಿ ಅಂತ ಅರ್ಜಿ ಕೊಟ್ಟಿದ್ದೇವೆ. ಎಥನಾಲ್‌ಗೆ ಇಷ್ಟು ಅವಸರ ಮಾಡಿದವರು ಸಂಜೆಯ ಒಂದು ಬಸ್ಸಿಗೂ ಸ್ವಲ್ಪ ಅವಸರ ಮಾಡಬಾರದಾ?

ಎಲೆಕ್ಟ್ರಿಕ್ ಕಾರು ತೊಗೊಳ್ಳಿ ಅಂತ ಮಗಳ ಒತ್ತಾಯ ಇದೆ. ಈಗಲೇ ಬೇಡ ಅಂತ ನನ್ನ ತೀರ್ಮಾನ. ಗಾಡಿ ಓಡುವಷ್ಟು ದಿನ ಓಡಲಿ. ಹೊಸ ಕಾರು ಮಾಡುವ ಕಬ್ಬಿಣ, ಬ್ಯಾಟರಿಗೂ ಎಲ್ಲೋ ಯಾರದೋ ಊರು ಅಗೆಯಬೇಕಲ್ವಾ. ಇದು ನಿಂತ ದಿನ ಕರೆಂಟಿನದ್ದನ್ನೇ ತರುತ್ತೇನೆ, ಅದರಲ್ಲಿ ಅನುಮಾನ ಇಲ್ಲ.

ಅಲ್ಲಿಯವರೆಗೆ ಒಂದು ಸಣ್ಣ ಕೆಲಸ ಇದೆ. ಮೇಷ್ಟ್ರಿಗೆ ವರ್ಗ ಆಗಿದೆ, ಮುಂದಿನ ತಿಂಗಳಿಂದ ಹಿಂದಿನ ಸೀಟು ಖಾಲಿ. ಕಲಬುರಗಿಯಿಂದ ಅಫಜಲಪುರ ಕಡೆ ದಿನಾ ಹೋಗಿಬರುವವರು ಯಾರಾದರೂ ಇದ್ದರೆ ತಿಳಿಸಿ. ಪೆಟ್ರೋಲ್ ಖರ್ಚು ಸಮಪಾಲು. ಬೆಳಗ್ಗೆ ಎಂಟಕ್ಕೆ ರಾಮ ಮಂದಿರ ಸರ್ಕಲ್‌ನಲ್ಲಿ ನಿಂತಿರಬೇಕು, ಫೋನ್ ಮಾಡಿ ಎಬ್ಬಿಸುವುದಿಲ್ಲ. ಗುಟ್ಕಾ ನಡೆಯಲ್ಲ. ರಾಜಕೀಯ ಮಾತಾಡಬಹುದು, ಆದರೆ ಪಶು ಡಾಕ್ಟರ್ ಬಾಯಿ ಮುಚ್ಚಿಸುವಷ್ಟು ಗಟ್ಟಿ ಇರಬೇಕು.