ನಾನು ಒತ್ತಿದಾಗ 110, ಅವಳೇ ಮಡಚಿದಾಗ 85

ಶಿವಮೊಗ್ಗದಲ್ಲಿ ಫಿಸಿಯೋಥೆರಪಿಸ್ಟ್ ಆಗಿ ಕೆಲಸ ಮಾಡುತ್ತಿದ್ದೇನೆ. ಬಿದ್ದು ಸೊಂಟ ಮುರಿದುಕೊಂಡವರು, ಮಂಡಿ ಆಪರೇಷನ್ ಆದವರು, ಅಡಿಕೆ ಮರದಿಂದ ಬಿದ್ದವರು, ಹೀಗೆ ದಿನವೂ ಜನ ಬರುತ್ತಾರೆ. ಕಾಲು ಉದ್ದ ಮಾಡುವ ಆಪರೇಷನ್ ಆದವರು ಬರುವುದು ಅಪರೂಪ. ಆದರೆ ನನಗೆ ಜಾಸ್ತಿ ಪಾಠ ಕಲಿಸಿದ್ದು ಅಂಥ ಒಬ್ಬಳು ಹುಡುಗಿ.

ತೀರ್ಥಹಳ್ಳಿ ಕಡೆಯ ಮಗು. ಆಗ ಹತ್ತು ವರ್ಷ. ಹುಟ್ಟಿನಿಂದಲೇ ಬಲಗಾಲು ಗಿಡ್ಡ, ಸುಮಾರು 9 ಸೆಂಟಿಮೀಟರ್. ಅಷ್ಟನ್ನೂ ಒಂದೇ ಸಲ ಎಳೆಯೋಕಾಗಲ್ಲ. ಮೊದಲು ತೊಡೆಯ ಮೂಳೆಯಲ್ಲಿ 5, ಆಮೇಲೆ ಮಂಡಿಯ ಕೆಳಗಿನ ಮೂಳೆಯಲ್ಲಿ 4 ಅಂತ ಡಾಕ್ಟರು ಹೇಳಿದ್ದರು.

ಈ ವಿಧಾನವನ್ನು ರೂಪಿಸಿದ್ದು ಇಲಿಜರೋವ್ ಅನ್ನುವ ಸೋವಿಯತ್ ವೈದ್ಯರು. ಸೈಬೀರಿಯಾದ ಕುರ್ಗಾನ್ ಊರಿನಲ್ಲಿ, 1950ರ ದಶಕದಲ್ಲಿ. ಮೂಳೆ ಕತ್ತರಿಸಿ, ಕಾಲಿನ ಸುತ್ತ ರಿಂಗ್ ಹಾಕಿ, ಅದನ್ನು ಪಿನ್‌ಗಳಿಂದ ಮೂಳೆಗೆ ಬಿಗಿದು, ಒಂದು ವಾರದಷ್ಟು ಏನೂ ಮಾಡದೆ ಬಿಡುತ್ತಾರೆ. ಆಮೇಲೆ ರಿಂಗಿನ ನಟ್ಟು ತಿರುಗಿಸಿ ದಿನಕ್ಕೆ 1 ಮಿಲಿಮೀಟರ್ ಎಳೆಯಬೇಕು. ಅದೂ ಒಂದೇ ಸಲ ಅಲ್ಲ, 0.25ರಂತೆ ನಾಲ್ಕು ಸಲ. ಎಳೆದ ಜಾಗದಲ್ಲಿ ಹೊಸ ಮೂಳೆ ತುಂಬಿಕೊಳ್ಳುತ್ತದೆ. 5 ಸೆಂಟಿಮೀಟರ್ ಎಳೆಯೋಕೆ 50 ದಿನ ಸಾಕು. ಆದರೆ ಆ ಹಸಿ ಮೂಳೆ ಗಟ್ಟಿಯಾಗೋಕೆ ಅದರ ಎರಡು ಪಟ್ಟು, ಕೆಲವರಿಗೆ ಇನ್ನೂ ಜಾಸ್ತಿ ದಿನ ಬೇಕು. ಅಲ್ಲಿವರೆಗೂ ರಿಂಗ್ ಇರಲೇಬೇಕು.

ಮೇ ತಿಂಗಳಲ್ಲಿ ಮೊದಲ ಆಪರೇಷನ್ ಆಯ್ತು. ಇಡೀ ಮಳೆಗಾಲ ರಿಂಗ್ ಹಾಕಿಕೊಂಡೇ ಕಳೆದಳು. ನಟ್ಟು ತಿರುಗಿಸುತ್ತಿದ್ದವರು ಅವಳ ಅಜ್ಜಿ. ಬೆಳಿಗ್ಗೆ ಕಾಫಿ ಆದ ಮೇಲೆ, ಮಧ್ಯಾಹ್ನ ಊಟಕ್ಕೆ ಮುಂಚೆ, ಸಂಜೆ ದೀಪ ಹಚ್ಚಿ, ರಾತ್ರಿ ಮಲಗುವಾಗ. ಸಣ್ಣ ಸ್ಪ್ಯಾನರ್ ಅವರ ಸೆರಗಿನ ಗಂಟಿನಲ್ಲೇ ಇರುತ್ತಿತ್ತು. ತಿರುಗಿಸಿದ ತಕ್ಷಣ ಕ್ಯಾಲೆಂಡರಿನಲ್ಲಿ ಒಂದು ಗೀಟು. ಒಂದು ದಿನವೂ ತಪ್ಪಲಿಲ್ಲ. ಆ ಮಳೆಯಲ್ಲಿ ಬಟ್ಟೆ ಎಲ್ಲಿ ಒಣಗುತ್ತೆ ಹೇಳಿ! ಪಿನ್ ಸುತ್ತ ಕೀವಾಗಬಾರದು ಅಂತ ಅವಳ ಬಟ್ಟೆಯನ್ನೆಲ್ಲ ಬಚ್ಚಲ ಒಲೆ ಮೇಲೆ ಒಣಗಿಸಿ ಕೊಡುತ್ತಿದ್ದರು. ಅವರು ಮಾಡಿದ ಆರೈಕೆಯಲ್ಲಿ ಒಂದು ಕೊರತೆಯೂ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು.

ನವೆಂಬರ್ ಕೊನೆಗೆ ರಿಂಗ್ ತೆಗೆದರು. ಎಕ್ಸ್‌ರೇಯಲ್ಲಿ ಮೂಳೆ ಚೆನ್ನಾಗಿ ತುಂಬಿತ್ತು. ಮನೆಯವರಿಗೆ ಆಗಲೇ ಎರಡನೆಯದರ ಯೋಚನೆ. "ಮೇಡಂ, ಬೇಸಿಗೆ ರಜೆಯಲ್ಲೇ ಮಾಡಿಸಿಬಿಟ್ರೆ ಶಾಲೆ ತಪ್ಪಲ್ಲ ಅಲ್ವಾ?" ಅಂತ ಅವಳ ಅಪ್ಪ ಕೇಳಿದರು. ನನಗೂ ಸರಿ ಅನಿಸಿತು. ಮಂಡಿ ಎಷ್ಟು ಮಡಚುತ್ತೆ ಅಂತ ಅಳೆದು ಡಾಕ್ಟರಿಗೆ ಕಳಿಸುವ ಕೆಲಸ ನನ್ನದು.

ಅವತ್ತು ನಾನು ಮಾಡಿದ ತಪ್ಪು ಇದು. ಅವಳನ್ನು ಮೇಜಿನ ಮೇಲೆ ಮಲಗಿಸಿ, ಹಿಮ್ಮಡಿ ಹಿಡಿದು ಮೆಲ್ಲಗೆ ಒತ್ತಿದೆ. 110 ಡಿಗ್ರಿ ಬಂತು. ಖುಷಿಯಾಯ್ತು. ಅದನ್ನೇ ಬರೆದೆ. ಅವಳು ತಾನಾಗಿ ಮಡಚಿದ್ದು 85 ಮಾತ್ರ. ನನ್ನ ಪುಸ್ತಕದಲ್ಲಿ ಅದೂ ಇತ್ತು, ರಿಪೋರ್ಟಿಗೆ ಹೋಗಲಿಲ್ಲ. ತೊಡೆಯ ಸುತ್ತಳತೆಯನ್ನಂತೂ ತೆಗೆದೇ ಇರಲಿಲ್ಲ.

ಮಕ್ಕಳಲ್ಲಿ ಇಂಥ ಎರಡು ಆಪರೇಷನ್‌ಗಳ ನಡುವೆ ವರ್ಷಗಳೇ ಬಿಡುವುದು ರೂಢಿ. ಅದಕ್ಕೆ ಕಾರಣ ಮೂಳೆ ಒಂದೇ ಅಲ್ಲ. ಎಳೆದಾಗ ಮೂಳೆ ಹೊಸದಾಗಿ ಹುಟ್ಟುತ್ತೆ. ಸ್ನಾಯು ಹಾಗಲ್ಲ. ಅದು ಬಿಗಿಯುತ್ತೆ, ಸೊರಗುತ್ತೆ, ಮತ್ತೆ ಮೈ ತುಂಬಿಕೊಳ್ಳೋಕೆ ಬಹಳ ಕಾಲ ತಗೊಳ್ಳುತ್ತೆ. ಮೀನಖಂಡದ ಸ್ನಾಯು ಮಂಡಿ ಮತ್ತು ಹಿಮ್ಮಡಿ ಎರಡನ್ನೂ ದಾಟಿ ಹೋಗುತ್ತದೆ. ಕೆಳಗಿನ ಮೂಳೆ ಎಳೆದರೆ ಅದು ಎರಡು ಕಡೆಯೂ ಜಗ್ಗುತ್ತೆ. ಮಂಡಿ ಮೊದಲೇ ಪೂರ್ತಿ ಬಿಟ್ಟುಕೊಂಡಿರದಿದ್ದರೆ ಕಷ್ಟ.

ಹಾಗೇ ಆಯ್ತು. ಏಪ್ರಿಲ್‌ನಲ್ಲಿ ಎರಡನೆಯದು. ಎಳೆಯೋಕೆ ಶುರುಮಾಡಿ ಮೂರನೇ ವಾರಕ್ಕೆ ಹಿಮ್ಮಡಿ ಮೇಲೆದ್ದಿತು, ಕಾಲ ಬೆರಳು ಮಾತ್ರ ನೆಲ ಮುಟ್ಟುತ್ತಿತ್ತು. ಮಂಡಿ ಪೂರ್ತಿ ನೇರ ಆಗಲಿಲ್ಲ. ನಾಲ್ಕು ಸಲ ತಿರುಗಿಸುವುದನ್ನು ಮೂರಕ್ಕೆ ಇಳಿಸಿದರು. ಆದರೂ ಬಿಗಿತ ಬಿಡಲಿಲ್ಲ. ಕೊನೆಗೆ 4ರ ಬದಲು ಎರಡೂವರೆ ಸೆಂಟಿಮೀಟರಿಗೆ ನಿಲ್ಲಿಸಿದರು. ಅವತ್ತು ಅಜ್ಜಿ ಸ್ಪ್ಯಾನರ್ ತಂದು ನನ್ನ ಮೇಜಿನ ಮೇಲಿಟ್ಟರು. ಬೈಯಲಿಲ್ಲ. "ನಾನೇನಾದ್ರೂ ತಪ್ಪು ತಿರುಗಿಸಿದ್ನಾ?" ಅಂತ ಕೇಳಿದರು. ನನ್ನ ರಿಪೋರ್ಟಿನ ವಿಷಯ ಅವತ್ತೇ ಅವರಿಗೂ ಡಾಕ್ಟರಿಗೂ ಹೇಳಿದೆ. ಆ ಪ್ರಶ್ನೆ ಮಾತ್ರ ಇನ್ನೂ ಮನಸ್ಸಿನಿಂದ ಹೋಗಿಲ್ಲ.

ಆಮೇಲೆ ಅವರ ಮನೆಗೆ ಹೋದೆ. ಅದನ್ನು ಮೊದಲೇ ಮಾಡಬೇಕಿತ್ತು. ಜಗುಲಿಗೆ ಐದು ಕಲ್ಲಿನ ಮೆಟ್ಟಿಲು. ಇಳಿಯುವಾಗ ಅವಳು ಅಡ್ಡ ತಿರುಗಿ ಕಂಬ ಹಿಡಿದು ಒಂದೊಂದೇ ಮೆಟ್ಟಿಲು ಇಳಿದಳು. ಊಟಕ್ಕೆ ಎಲ್ಲರೂ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರೆ ಇವಳು ಗೋಡೆಗೆ ಒರಗಿ ಕಾಲು ಚಾಚಿ ತಟ್ಟೆ ತೊಡೆಯ ಮೇಲಿಟ್ಟುಕೊಂಡಳು. "ಮೊದಲನೇ ಆಪರೇಷನ್ ಆದಾಗಿಂದ್ಲೂ ಹೀಗೇ ಆಂಟಿ" ಅಂದಳು. ನನ್ನ ಮೇಜಿನ ಮೇಲೆ ಇದು ಯಾವುದೂ ಕಾಣೋದೇ ಇಲ್ಲ.

ಈಗ ನಾನು ಬೇರೆ ಥರ ಅಳೆಯುತ್ತೇನೆ. ತಾನಾಗಿ ಎಷ್ಟು ಮಡಚುತ್ತೆ ಅನ್ನೋದು ಮೊದಲು. ಎರಡೂ ತೊಡೆಗೆ ಒಂದೇ ಎತ್ತರದಲ್ಲಿ ಟೇಪ್. ಮೆಟ್ಟಿಲು ಇಳಿಸಿ ನೋಡುತ್ತೇನೆ, ಕುಕ್ಕುರುಗಾಲಲ್ಲಿ ಕೂರಿಸುತ್ತೇನೆ. ಮಗುವಿಗೆ ಮತ್ತೆ ಮಾಡಿಸಿಕೊಳ್ಳುವ ಮನಸ್ಸಿದೆಯಾ ಅಂತ ಅಪ್ಪ ಅಮ್ಮನನ್ನು ಹೊರಗೆ ಕೂರಿಸಿ ಕೇಳುತ್ತೇನೆ. ಈಚೆಗೆ ಎತ್ತರಕ್ಕಾಗಿ ಕಾಲು ಎಳೆಸಿಕೊಳ್ಳಬೇಕು ಅನ್ನುವ ಹುಡುಗರೂ ಫೋನ್ ಮಾಡುತ್ತಾರೆ. ತೊಡೆ ಆದ ಮೂರು ತಿಂಗಳಿಗೆ ಕೆಳಗಿನದು ಮಾಡಿಸಬಹುದಾ ಅಂತ ಒಬ್ಬ ಕೇಳಿದ. ರಜೆ ಅಷ್ಟೇ ಇದೆಯಂತೆ. ಆ ಹೊತ್ತಿಗೆ ಮೊದಲನೇ ಮೂಳೆಯೇ ಗಟ್ಟಿಯಾಗಿರಲ್ಲಪ್ಪ ಅಂದೆ. ಅವನಿಗೆ ಈ ಹುಡುಗಿಯ ಕಥೆಯನ್ನೂ ಹೇಳಿದೆ.

ಅವಳಿಗೆ ಈಗ ಹದಿಮೂರು. ಉಳಿದ ವ್ಯತ್ಯಾಸಕ್ಕೆ ಬಲ ಚಪ್ಪಲಿಗೆ ದಪ್ಪ ಅಟ್ಟೆ ಹಾಕಿಸಿದ್ದಾರೆ. ಮೂರನೆಯದು ಯಾವಾಗ ಅಂತ ಮನೆಯವರು ಅವಸರ ಮಾಡುತ್ತಿಲ್ಲ. ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ನೋಡೋಣ ಅಂತ ಅವಳೇ ಹೇಳಿದ್ದಾಳೆ. ಹೋದ ವಾರ ಬಂದಿದ್ದಳು. ತಾನಾಗಿ ಮಡಚಿದ್ದು 120, ನಾನು ಒತ್ತಿದಾಗ 130. ತೊಡೆಯ ಸುತ್ತಳತೆ ಇನ್ನೂ ಎಡಗಾಲಿಗಿಂತ ಎರಡು ಸೆಂಟಿಮೀಟರ್ ಕಮ್ಮಿ. ಮೂರನ್ನೂ ಬರೆದು ಡಾಕ್ಟರಿಗೆ ಕಳಿಸಿದೆ.