ಕಾಟನ್ ಟೀಲ್ ನೋಡಬೇಕಾ? ಭರತಪುರಕ್ಕೆ ಮಳೆಗಾಲದಲ್ಲಿ ಹೋಗಿ

ರಾಜಸ್ಥಾನದ ಭರತಪುರದ ಕೇವಲಾದೇವ್ ಪಕ್ಷಿಧಾಮ ಅಂದರೆ ಎಲ್ಲರೂ ಡಿಸೆಂಬರ್‌ಗೇ ಟಿಕೆಟ್ ಮಾಡಿಸುತ್ತಾರೆ. ಮೊದಲ ಸಲ ನಾನೂ ಹಾಗೇ ಹೋಗಿ ಪೆಚ್ಚಾದೆ. ಕಾಟನ್ ಟೀಲ್ ಒಂದು ಪುಟ್ಟ ಬಾತು, ಚಳಿಗಾಲದಲ್ಲಿ ಅದರ ಗಂಡು ಹೊಳೆಯುವ ಬಣ್ಣ ಕಳಚಿ ಹೆಣ್ಣಿನ ಹಾಗೇ ಮಂಕಾಗಿರುತ್ತದೆ. ಕಾಟನ್ ಟೀಲ್ ಅಂದುಕೊಂಡು ನಾನು ತೆಗೆದ ಫೋಟೊಗಳಲ್ಲಿ ಅರ್ಧ ಬರೀ ಗುಳುಮುಳುಕ ಅನ್ನುವ ಬೇರೆ ನೀರುಹಕ್ಕಿ!

ಈ ಸಲ ಆಗಸ್ಟ್ ಕೊನೆಯಲ್ಲಿ ಹೋದೆವು. ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ಮಥುರಾಕ್ಕೆ ಇಳಿದರೆ ಅಲ್ಲಿಂದ ಭರತಪುರ 40 ಕಿ.ಮೀ. ಒಳಗೇ. ಹೊರಡುವ ಮೊದಲು ಉಳಿದುಕೊಳ್ಳುವ ಜಾಗಕ್ಕೆ ಫೋನ್ ಮಾಡಿ, ಕೆರೆಗೆ ನೀರು ಬಂದಿದೆಯಾ ಕೇಳಿ. ಮಳೆ ಕೈಕೊಟ್ಟ ವರ್ಷ ಹೋಗಿ ಪ್ರಯೋಜನ ಇಲ್ಲ. ಸೆಖೆ, ಸೊಳ್ಳೆ ಎರಡೂ ಜಾಸ್ತಿ. ಬೈನಾಕ್ಯುಲರ್ ಒರೆಸಲು ಹತ್ತಿ ಬಟ್ಟೆ ಇರಲಿ, ಎಸಿ ರೂಮಿಂದ ಹೊರಗೆ ತಂದ ತಕ್ಷಣ ಗಾಜು ಮಂಜಾಗುತ್ತದೆ.

ಸೈಕಲ್ ರಿಕ್ಷಾದವರಿಗೆ 'ಗಿರ್ರಿ' ಅನ್ನಿ, ಹಿಂದಿಯಲ್ಲಿ ಇದರ ಹೆಸರು ಅದೇ. ನಮ್ಮವರು ಒಂದು ಹಳೆಯ ಕದಂಬ ಮರದ ಹತ್ತಿರ ರಿಕ್ಷಾ ನಿಲ್ಲಿಸಿದರು. ಸುಮ್ನೆ ಕೂತೆವು. ಹತ್ತು ನಿಮಿಷಕ್ಕೆ ನೀರಿನ ಮೇಲಿನ ಎಲೆಗಳ ಮಧ್ಯೆ ಒಂದು ಗಂಡು ತೇಲಿ ಬಂತು. ಬಿಳಿ ಮುಖ, ಕೆಂಪು ಕಣ್ಣು, ಕೊರಳಿಗೆ ಕಪ್ಪು ಪಟ್ಟಿ. ಬೆನ್ನು ಒಮ್ಮೆ ಕಪ್ಪು, ಬಿಸಿಲು ಬಿದ್ದರೆ ಹಸಿರು. ಉದ್ದ ಒಂದು ಗೇಣಿಗಿಂತ ಸ್ವಲ್ಪ ಜಾಸ್ತಿ, ಸುಮಾರು 26 ಸೆಂ.ಮೀ. ಜಗತ್ತಿನ ಅತಿ ಚಿಕ್ಕ ಬಾತುಗಳಲ್ಲಿ ಇದೂ ಒಂದು. ಹಾರಿದಾಗ ರೆಕ್ಕೆಯ ಬಿಳಿ ಪಟ್ಟಿ ನೋಡಿ, ಗಂಡು ಅಂತ ಗೊತ್ತಾಗುತ್ತದೆ.

ಪುಸ್ತಕದಲ್ಲಿ ಇದಕ್ಕೆ 'ಪಿಗ್ಮಿ ಗೂಸ್' ಅಂತಲೂ ಹೆಸರಿದೆ. ಹೆಬ್ಬಾತಿನ ಹಾಗೆ ಗಿಡ್ಡ, ದಪ್ಪ ಕೊಕ್ಕು ಇರುವುದರಿಂದ ಆ ಹೆಸರು, ಅಷ್ಟೇ. ಹೆಬ್ಬಾತಿನ ಜಾತಿ ಅಲ್ಲ. 1789ರಲ್ಲಿ ಗ್ಮೆಲಿನ್ ಎಂಬ ಜೀವವಿಜ್ಞಾನಿ ಇದನ್ನು ಮಾಮೂಲಿ ಬಾತುಗಳ ಜೊತೆ ಅನಾಸ್ ಕುಲಕ್ಕೆ ಸೇರಿಸಿದ್ದ. ಆಮೇಲೆ ನೆಟಾಪಸ್ ಎಂಬ ಬೇರೆ ಕುಲ ಬಂತು. ಅದರಲ್ಲಿ ಇರುವುದೇ ಮೂರು: ಇದೊಂದು, ಆಫ್ರಿಕಾದ್ದೊಂದು, ಆಸ್ಟ್ರೇಲಿಯಾ ಕಡೆಯದೊಂದು. ಇದರ ಹಾಗೆ ಮರದ ಪೊಟರೆಯಲ್ಲಿ ಮೊಟ್ಟೆಯಿಡುವ ಬಾತುಗಳನ್ನೆಲ್ಲ ಒಂದೇ ಗುಂಪು ಮಾಡಿದ್ದೂ ಉಂಟು, ಡಿಎನ್‌ಎ ನೋಡಿದ ಮೇಲೆ ಆ ಗುಂಪು ಒಡೆಯಿತು.

ಪಕ್ಕದಲ್ಲೇ ಇದ್ದ ಸಿಳ್ಳೆ ಬಾತನ್ನೇ ನೋಡಿ. ಅದೂ ಪೊಟರೆಯಲ್ಲಿ ಗೂಡು ಮಾಡುತ್ತದೆ. ಆದರೆ ಅದರಲ್ಲಿ ಗಂಡು ಹೆಣ್ಣು ಎರಡೂ ಒಂದೇ ಥರ, ಅದರ ಉಪಕುಟುಂಬವೇ ಬೇರೆ. ಒಂದೇ ಮರ ಹಂಚಿಕೊಂಡರೆ ನೆಂಟರಾಗಿಬಿಡ್ತಾರಾ, ಅಲ್ವಾ?

ಬೆಳಿಗ್ಗೆ ಗೇಟು ತೆರೆಯುವ ಹೊತ್ತಿಗೇ ಹೋಗಿ. ಒಂಬತ್ತರ ಮೇಲೆ ಬಿಸಿಲಿಗೆ ನಮಗೇ ಕೂರಲಾಗಲಿಲ್ಲ.